ಅಪ್‌ಡೇಟ್: ಅಮ್ಮನ್ನ ಕರ್ಕೊಂಡು ಹವಾಯಿಗೆ ಹೋಗ್ಬಂದ್ವಿ

ಮೊನ್ನೆ ಕೇಳಿದ್ನಲ್ಲ, ನ್ಯೂಜೆರ್ಸಿಯಿಂದ ಹವಾಯಿ ಬಿಗ್ ಐಲ್ಯಾಂಡ್‌ಗೆ ಮಂಡಿನೋವಿರೋ ಅಮ್ಮನ್ನ ಒಂದೇ ಸಲಕ್ಕೆ ಕರ್ಕೊಂಡು ಹೋಗ್ಲಾ ಇಲ್ಲ ಮಧ್ಯೆ ಎಲ್ಲಾದ್ರೂ ಇಳೀಲಾ ಅಂತ. ನೀವು ಹೇಳಿದ ಹಾಗೇ ಲಾಸ್ ಏಂಜಲೀಸ್‌ನಲ್ಲಿ ಒಂದು ರಾತ್ರಿ ಉಳ್ಕೊಂಡು ಮಾರನೇ ದಿನ ಬಿಗ್ ಐಲ್ಯಾಂಡ್‌ನ ಕೋನಾಗೆ ಫ್ಲೈಟ್ ಹತ್ತಿದ್ವಿ, ಆರು ಗಂಟೆ ಹತ್ರ ಆಯ್ತು, ಐಲ್ ಸೀಟ್ ತಗೊಂಡಿದ್ದಕ್ಕೆ ಅಮ್ಮ ಆಗಾಗ ಎದ್ದು ಓಡಾಡಿದ್ರು. ಇಳಿಯೋ ಮುಂಚೆ ಹಣ್ಣು, ಗಿಡ ಏನಾದ್ರೂ ತಂದಿದೀರಾ ಅಂತ ಫಾರ್ಮ್ ಕೊಟ್ರು, ಅಮ್ಮನ ಬ್ಯಾಗಲ್ಲಿ ಎರಡು ಕಿತ್ತಳೆ, ಎಸೆಯೋದ್ಯಾಕೆ ಅಂತ ಅಲ್ಲೇ ಸುಲ್ದು ಪಕ್ಕದವ್ರಿಗೂ ಹಂಚಿದ್ರು! ಅಲ್ಲಿನ ಕಿಲೌಯಾ ಜ್ವಾಲಾಮುಖಿ ಹತ್ರ ಸುಮಾರು 4000 ಅಡಿ ಎತ್ತರ, ಸ್ವೆಟರ್ ಇಟ್ಕೊಳ್ಳಿ ಅಂದವ್ರಿಗೆ ದೊಡ್ಡ ಥ್ಯಾಂಕ್ಸ್. ಲಾವಾ ಮಾತ್ರ ಸಿಗ್ಲಿಲ್ಲ, ಅದು ಬಿಟ್ಟು ಬಿಟ್ಟು ಉಕ್ಕುತ್ತೆ, ನಾವು ಹೋದಾಗ ಬರೀ ಹೊಗೆ. "ಇದಕ್ಕೆ ನಮ್ಮನೆ ಬಚ್ಚಲೊಲೆ ಸಾಕಿತ್ತಲ್ಲೋ" ಅಂದ್ರು ಅಮ್ಮ.