ಹದಿನಾಲ್ಕು ಕಂತು ಬಾಕಿ

"ಇನ್ನು 14 ಬಾಕಿ" ಎಂದ ವಿಶ್ವ, ಮೊಬೈಲಿನಿಂದ ತಲೆ ಎತ್ತದೆ.

ರಂಗಣ್ಣನವರ ಬನ್ಸು ಚಟ್ನಿಯ ಮೇಲೇ ನಿಂತಿತು. ರಿಟೈರಾಗಿ ಎಷ್ಟು ವರ್ಷವಾದರೇನು, ಸಹಕಾರ ಬ್ಯಾಂಕಿನಲ್ಲಿ ಸಾಲ ವಸೂಲಿ ಮಾಡಿದ ಕಿವಿ. 'ಬಾಕಿ' ಅಂದರೆ ನೆಟ್ಟಗಾಗುತ್ತದೆ.

"ಯಾರದಯ್ಯಾ ಬಾಕಿ?"

"ಸ್ಕಾಟಿ ಶೆಫ್ಲರ್‌ದು ಸಾರ್. ರಾತ್ರಿ ಉತ್ತರ ಐರ್ಲೆಂಡಿನ ರಾಯಲ್ ಪೋರ್ಟ್‌ರಷ್‌ನಲ್ಲಿ ಓಪನ್ ಗಾಲ್ಫ್ ಟೂರ್ನಿ ಗೆದ್ದ. ನಾಲ್ಕು ಹೊಡೆತದ ಅಂತರ! ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಿಗೆ ಮೇಜರ್ ಅಂತಾರೆ. ಇದು ಅವನ ನಾಲ್ಕನೇ ಮೇಜರ್. ದಾಖಲೆ ಅಂದ್ರೆ ಜ್ಯಾಕ್ ನಿಕ್ಲಾಸ್‌ದು 18. ಹದಿನೆಂಟರಲ್ಲಿ ನಾಲ್ಕು ಹೋದರೆ?"

"ಪಾಪ, ಗೆದ್ದ ಕಪ್ ಇನ್ನೂ ಮನೆಗೆ ತಂದಿಲ್ಲ. ಆಗಲೇ ನೋಟೀಸು ಕಳಿಸಿಬಿಟ್ಯಲ್ಲೋ" ಎಂದರು ರಂಗಣ್ಣ.

2025ರ ಜುಲೈ. ಹೊರಗೆ ಪುಷ್ಯ ಮಳೆ ಹಿಡಿದಿತ್ತು. ಮುಳ್ಳಯ್ಯನಗಿರಿ ಕಾಣದೆ ಮೂರು ದಿನವಾಗಿತ್ತು. ಹೋಟೆಲಿನ ಬಾಗಿಲಲ್ಲಿ ಆರೇಳು ಛತ್ರಿಗಳು ಸುರಿಯುತ್ತಾ ನಿಂತು, ಒಳಗೆ ಬರುವವರೆಲ್ಲ ಆ ನೀರಿನಲ್ಲಿ ಒಂದು ಕಾಲಿಟ್ಟೇ ಬರಬೇಕಿತ್ತು. ಕಾಫಿ ತೋಟದ ಗೌಡರು ಬೈ ಟೂ ಕಾಫಿಗೆ ಹೇಳಿ, ಬಂದ ಮೇಲೆ ಎರಡನ್ನೂ ತಮ್ಮ ಕಡೆ ಎಳೆದುಕೊಂಡಿದ್ದರು.

"ಮುರಿಯೋದಿದ್ರೆ ಟೈಗರ್ ವುಡ್ಸ್ ಮುರೀಬೇಕಿತ್ತು ಮಾರಾಯ. 2008ಕ್ಕೇ 14 ಆಗಿತ್ತು. ವಯಸ್ಸು 32. ಕಾಲಿನ ಮೂಳೆ ಬಿರುಕು ಬಿಟ್ಟಿದ್ದರೂ ಯುಎಸ್ ಓಪನ್‌ನಲ್ಲಿ 91 ಹೋಲ್ ಆಡಿ ಗೆದ್ದ ಗಂಡು" ಎಂದರು ಗೌಡರು.

"ಆಮೇಲೆ?"

"ಆಮೇಲೆ... 2019ರಲ್ಲಿ ಒಂದು. ಮಾಸ್ಟರ್ಸ್."

"ಹನ್ನೊಂದು ವರ್ಷಕ್ಕೆ ಒಂದು ಕಂತು!" ರಂಗಣ್ಣನವರಿಗೆ ಹುಮ್ಮಸ್ಸು ಬಂತು. "ಒಟ್ಟು 15. ಮೂರು ಬಾಕಿ. ನಮ್ಮ ಬ್ಯಾಂಕಿನಲ್ಲಾಗಿದ್ರೆ ಹೆಸರು ಬೋರ್ಡಿಗೆ ಹಾಕ್ತಿದ್ವಿ, ಸುಸ್ತಿದಾರ ಅಂತ. ಮಂಡಿ ಆಪರೇಷನ್, ಬೆನ್ನು ಆಪರೇಷನ್, 2021ರಲ್ಲಿ ಕಾರು ಪಲ್ಟಿ. ಇಷ್ಟು ಸುಸ್ತಾದವನು ಸುಸ್ತಿದಾರ ಆಗದೆ ಇನ್ನೇನಾಗ್ತಾನೆ?"

ಸೀನನಿಗೆ ನಗು ತಡೆಯಲಾಗದೆ ಕಾಫಿ ನೆತ್ತಿಗೇರಿತು.

"ನಗಬೇಡ. ಹುಡುಗನಾಗಿದ್ದಾಗ ನಿಕ್ಲಾಸ್ ಯಾವ ವಯಸ್ಸಿಗೆ ಏನು ಮಾಡಿದ ಅನ್ನೋ ಪಟ್ಟಿಯನ್ನ ಮಲಗೋ ಕೋಣೆ ಗೋಡೆಗೆ ಅಂಟಿಸಿಕೊಂಡಿದ್ದನಂತೆ ಈ ಟೈಗರ್. ಸಾಲಪತ್ರ ತಲೆದೆಸೆಯಲ್ಲಿ ಇಟ್ಟುಕೊಂಡು ನಿದ್ದೆ ಮಾಡಿದ ಮಗು ಅದು. ನಮ್ಮ ಸಾಲಗಾರರು ಯಾರೂ ಹಂಗೆ ಮಾಡಲಿಲ್ಲಪ್ಪ. ಎಲ್ಲ ಟ್ರಂಕಿನ ತಳಕ್ಕೆ ಹಾಕಿ ಮರೆತರು."

ವಿಶ್ವ ಬಿಡಲಿಲ್ಲ. "ಸಾರ್, ಒಂದು ವಿಚಿತ್ರ ಕೇಳಿ. ಮೊದಲನೇ ಮೇಜರ್‌ನಿಂದ ನಾಲ್ಕನೇದಕ್ಕೆ ಟೈಗರ್ ತಗೊಂಡಿದ್ದು 1,197 ದಿನ. ಶೆಫ್ಲರ್ ತಗೊಂಡಿದ್ದೂ 1,197 ದಿನ! ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿ ಇಲ್ಲ."

"ಎಣಿಸಿದವರು ಯಾರೋ? ಅವರಿಗೆ ಮನೆ ಮಠ ಇಲ್ವಾ?" ಎಂದ ಸೀನ.

ಸೀನನಿಗೂ ಗಾಲ್ಫಿಗೂ ಇರುವ ನಂಟು ಒಂದೇ ಬೆಳಗಿನದು. 2021ರ ಆಗಸ್ಟ್, ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಹತ್ತಿರ ಬಂದಿದ್ದಾರೆಂದು ಇಡೀ ದೇಶ ಕೋಳಿ ಕೂಗುವ ಹೊತ್ತಿಗೆ ಎದ್ದು ಟಿವಿ ಹಾಕಿತ್ತು. ಅಮ್ಮನೇ ಆಟದ ಕೋಲುಗಳ ಚೀಲ ಹೊತ್ತು ಜೊತೆಗಿದ್ದರು. ಕಮ್ಮಿ ಹೊಡೆದವರು ಗೆಲ್ಲುತ್ತಾರೆ ಎಂದು ಸೀನನಿಗೆ ಗೊತ್ತಾಗಿದ್ದೇ ಅರ್ಧ ಆಟ ಮುಗಿದ ಮೇಲೆ. ಅಲ್ಲಿವರೆಗೂ ಬೇರೆಯವರು ಹೆಚ್ಚು ಹೊಡೆದಾಗೆಲ್ಲ ಅಯ್ಯೋ ಅಯ್ಯೋ ಅನ್ನುತ್ತಿದ್ದ. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ಆ ಒಂದು ಹೊಡೆತವನ್ನು ಅವನು ಇವತ್ತಿಗೂ ಮರೆತಿಲ್ಲ. ಶಿಫಾರಸು ಸಿಕ್ಕಿದ್ದರೆ ಅದನ್ನು ಲೆಕ್ಕದಿಂದ ತೆಗೆಸಬಹುದಿತ್ತು ಎಂದು ಈಗಲೂ ನಂಬಿದ್ದಾನೆ.

"ಸರಿ, ಲೆಕ್ಕವನ್ನೇ ಮಾಡೋಣ" ಎಂದರು ರಂಗಣ್ಣ. ಪೇಪರ್ ನ್ಯಾಪ್ಕಿನ್ ಹಾಸಿ ಪೆನ್ನು ತೆಗೆದರು. "ವರ್ಷಕ್ಕೆ ನಾಲ್ಕು ಕಂತು. ಏಪ್ರಿಲ್, ಮೇ, ಜೂನ್, ಜುಲೈ."

"ಹೂ ಮಳೆಯಿಂದ ಪುಷ್ಯ ಮಳೆವರೆಗೆ" ಎಂದರು ಗೌಡರು.

"ಆಮೇಲೆ ಎಂಟು ತಿಂಗಳು ಕೌಂಟರ್ ಬಂದ್. ಹುಡುಗನಿಗೆ 29. ವರ್ಷಕ್ಕೊಂದರಂತೆ ಕಟ್ಟಿದರೂ ಸರಿಗಟ್ಟೋ ಹೊತ್ತಿಗೆ 43, ಮುರಿಯೋ ಹೊತ್ತಿಗೆ 44. ಅಲ್ಲಿವರೆಗೆ ಬೆನ್ನು ಹಿಡೀಬಾರದು, ಮಂಡಿ ಹಿಡೀಬಾರದು. ಆಮೇಲೆ, ಹಬ್ಬದ ಅಡುಗೆ ಮಾಡಬಾರದು."

"ಅಡುಗೆಯಾ?"

"ಮತ್ತೆ? ಹೋದ ಕ್ರಿಸ್‌ಮಸ್ಸಿಗೆ ರವಿಯೋಲಿ ಮಾಡೋಕೆ ಹೋಗಿ, ಗಾಜಿನ ಲೋಟ ಒಡೆದು ಅಂಗೈ ಕೊಯ್ದುಕೊಂಡ. ಆಪರೇಷನ್ ಆಯ್ತು. ರವಿಯೋಲಿ ಅಂದ್ರೆ ನಮ್ಮ ಕಡುಬಿನ ಥರಾನೇ, ಒಳಗೆ ಹೂರಣ ಇಡ್ತಾರೆ. ಸಾಲ ಇರೋರು ಕಡುಬು ಮಾಡೋಕೆ ಕೂರ್ತಾರೇನೋ!"

"ನಿಕ್ಲಾಸ್ ಕೊನೇದು ಗೆದ್ದಿದ್ದು 46ಕ್ಕೆ, 1986ರಲ್ಲಿ" ಎಂದ ವಿಶ್ವ.

"ಅವರ ಇನ್ನೊಂದು ಲೆಕ್ಕ ಯಾಕೆ ಹೇಳಲ್ಲ ನೀನು? ಮೇಜರ್‌ಗಳಲ್ಲಿ 19 ಸಲ ಎರಡನೆಯವರಾಗಿ ಮನೆಗೆ ಹೋಗಿದ್ದಾರೆ ಪುಣ್ಯಾತ್ಮ. ಗೆದ್ದಿದ್ದಕ್ಕಿಂತ ಒಂದು ಜಾಸ್ತಿ. ಆ ದಾಖಲೆ ಮುರೀತೀನಿ ಅಂತ ಯಾರಾದ್ರೂ ಹೊರಟಿದ್ದಾರಾ?"

ಯಾರೂ ಮಾತಾಡಲಿಲ್ಲ. ಭಟ್ಟರ ಹುಡುಗ ಬಂದು ಲೋಟ ಎತ್ತಿದ.

"ಹೋಗಲಿ, ಆ ಹುಡುಗನನ್ನೇ ಕೇಳಿದ್ರಾ?" ರಂಗಣ್ಣ ಮೆತ್ತಗಾದರು. "ಪಂದ್ಯಕ್ಕೆ ಮುಂಚೆ ಅವನೇ ಹೇಳಿದ್ದಾನೆ. ಗೆದ್ದ ಖುಷಿ ಇರೋದು ಎರಡು ನಿಮಿಷ, ಮನೆಯವರನ್ನ ತಬ್ಬಿಕೊಂಡ ಮೇಲೆ ರಾತ್ರಿ ಊಟಕ್ಕೆ ಏನು ಅನ್ನೋದೇ ಯೋಚನೆ ಅಂತ. ಅವನ ತಲೆಯಲ್ಲಿ ಊಟ. ನಿನ್ನ ತಲೆಯಲ್ಲಿ 14. ಸಾಲ ತಗೊಂಡೇ ಇಲ್ಲದವನಿಗೆ ಬಾಕಿ ಎಲ್ಲಿಂದ ಬಂತೋ?"

"ದಾಖಲೆ ಅಂದ ಮೇಲೆ ಮುರಿಯೋಕೇ ಇರೋದಲ್ವಾ ಸಾರ್?"

ಅದಕ್ಕೆ ಉತ್ತರ ಬಂದಿದ್ದು ಗೌಡರಿಂದ.

"ನಮ್ಮ ತೋಟದ ಮನೇಲಿ ಅಪ್ಪನ ಮಳೆ ಪುಸ್ತಕ ಇದೆ. ಬೆಳಿಗ್ಗೆ ಎಂಟೂವರೆಗೆ ಅಳೆದು, ಇಂಚು ಸೆಂಟು ಬರೆಯೋದು. 1961ರ ಜುಲೈ ಪುಟದಲ್ಲಿ ಒಂದು ದಿನದ್ದು ಕೆಂಪು ಶಾಯಿಲಿದೆ, ಕೆಳಗೆ ಎರಡು ಗೆರೆ. ಗೆರೆ ಎಳೆಯೋವಾಗ ಒಂದು ಹನಿ ಬಿದ್ದು ಶಾಯಿ ಹರಡಿದೆ, ನೋಡಿದ್ರೆ ಗೊತ್ತಾಗುತ್ತೆ. ಅಪ್ಪ ಇರೋವಾಗ ಪ್ರತಿ ಮಳೆಗಾಲ ನಮಗೂ ಅವರಿಗೂ ಪಂತ. ಈ ಸಲ ಮುರೀತದೆ ಅಂತ ನಾನು, ಇಲ್ಲ ಅಂತ ಅವರು."

"ಈಗ?"

"ಈಗ ಜೋರು ಮಳೆ ಬಂದಾಗೆಲ್ಲ ಆ ಪುಟ ತೆಗೆದು ನೋಡ್ತೀನಿ. ಇನ್ನೂ ಮುರಿದಿಲ್ಲ ಅಂದ್ರೆ ಒಳಗೇ ಒಂಥರಾ ಸಮಾಧಾನ." ಗೌಡರು ಮೇಜಿನ ಮೇಲಿದ್ದ ಕಾಫಿಯ ಉಂಗುರವನ್ನು ಬೆರಳಲ್ಲಿ ಒರೆಸಿದರು. "ಮುರಿದುಬಿಟ್ರೆ ಆ ಪುಟ ಯಾಕೆ ತೆಗೀಲಿ ಹೇಳು."

ವಿಶ್ವ ಮೊಬೈಲನ್ನು ಮಗುಚಿಟ್ಟ. ಇಷ್ಟು ಹೊತ್ತಿನಲ್ಲಿ ಅದೇ ಮೊದಲು.

ಅಷ್ಟರಲ್ಲಿ ಗೌಡರ ಫೋನು ಬಡಿದುಕೊಂಡಿತು. ತೋಟದ ಲೆಕ್ಕ ಬರೆಯುವ ರೈಟರ್. ಆ ಕಡೆಯ ಮಳೆಯ ಸದ್ದು ನಮಗೂ ಕೇಳುತ್ತಿತ್ತು.

"ಏನು?... ಒಡೆದು ಹೋಯ್ತಾ?... ಕೈಗೇನೂ ಆಗಿಲ್ಲ ತಾನೆ?" ಗೌಡರು ಫೋನಿಗೆ ಅಂಗೈ ಅಡ್ಡ ಹಿಡಿದು ನಮ್ಮ ಕಡೆ ತಿರುಗಿದರು. "ಮಳೆ ಅಳೆಯೋ ಗಾಜು ಜಾರಿ ಬಿದ್ದು ಒಡೀತಂತೆ. ನೀರೆಲ್ಲ ಚೆಲ್ಲಿಹೋಯ್ತು. ಇವತ್ತಿನದು ಎಷ್ಟು ಅಂತ ಬರೀಲಿ ಅಂತ ಕೇಳ್ತಿದ್ದಾನೆ."

ರಂಗಣ್ಣ ಉಳಿದ ಬನ್ಸನ್ನು ಬಾಯಿಗೆ ಹಾಕಿಕೊಂಡರು.

"ಜೋರು ಅಂತ ಬರಿ ಅನ್ನಿ."