ಸ್ವಂತ ಹೋವರ್‌ಕ್ರಾಫ್ಟಿಗೆ ಮೀಟರ್ ಫಲಕ: ಅನುಭವವಿದ್ದವರು ತಿಳಿಸಿ

ವಿನಂತಿ:
ಇಂಗ್ಲೆಂಡಿನ ಸೌತಾಂಪ್ಟನ್ ಬಳಿ ನೆಲೆಸಿರುವ ನಾನು ಇಬ್ಬರು ಕೂರುವ, ಕೆಳಗೆ ಊದಿದ ಗಾಳಿಯ ಮೆತ್ತೆಯ ಮೇಲೆ ತೇಲುತ್ತ ನೆಲ-ನೀರುಗಳೆರಡರ ಮೇಲೂ ಓಡುವ ಹೋವರ್‌ಕ್ರಾಫ್ಟೊಂದನ್ನು ಕಟ್ಟುತ್ತಿದ್ದೇನೆ. ಮೇಲೆತ್ತುವುದಕ್ಕೂ ಮುಂದಕ್ಕೆ ತಳ್ಳುವುದಕ್ಕೂ ಒಂದೇ ಎಂಜಿನ್. ಅದು ಗಾಳಿಯಿಂದ ತಂಪಾಗುವ ಟೂ-ಸ್ಟ್ರೋಕ್. ಇದಕ್ಕೆ ಯಾವ ಮೀಟರುಗಳು ನಿಜವಾಗಿ ಬೇಕು, ಕಂಪನವನ್ನೂ ಉಪ್ಪುನೀರಿನ ಹನಿಗಳನ್ನೂ ತಾಳುವಂತೆ ಅವನ್ನು ಹೇಗೆ ಕೂರಿಸಬೇಕು?

ಮೊದಲ ಉತ್ತರ:
ಬ್ರೇಕಿಲ್ಲದೆ ಅಡ್ಡಡ್ಡ ಜಾರುವ ವಾಹನದಲ್ಲಿ ಚಾಲಕನ ಕಣ್ಣು ಹೊರಗೇ ಇರಬೇಕಾಗಿರುವುದರಿಂದ, ಒಂದೇ ನೋಟಕ್ಕೆ ಓದಲಾಗದ ಮೀಟರು ಇದ್ದೂ ಪ್ರಯೋಜನವಿಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಟ್ಯಾಕೋಮೀಟರ್, ಸ್ಪಾರ್ಕ್ ಪ್ಲಗ್ಗಿನ ಕೆಳಗೆ ವಾಷರಿನಂತೆ ಕೂರುವ ಸಂವೇದಕವುಳ್ಳ ಉಷ್ಣತಾಮಾಪಕ, ಗಾಳಿಮೆತ್ತೆಯ ಒತ್ತಡಮಾಪಕ, ಈ ಮೂರಕ್ಕೆ ಮೊದಲ ಸ್ಥಾನ ಕೊಡಿ.

ಹಲವರು ಕೈಬಿಡುವ ಮೂರನೆಯದೇ ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದದ್ದು. ಪಾರದರ್ಶಕ ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿಸಿ, ಒಂದು ತುದಿಯನ್ನು ಸ್ಕರ್ಟಿನ (ಗಾಳಿಮೆತ್ತೆಯನ್ನು ಸುತ್ತುವರಿದ, ಬಟ್ಟೆಯಂಥ ಅಂಚಿನ) ಒಳಗಿನ ಗಾಳಿಗೆ ಜೋಡಿಸಿ ಇನ್ನೊಂದನ್ನು ತೆರೆದಿಟ್ಟರೆ ಮಾಪಕ ಸಿದ್ಧ. ನಿಮ್ಮಿಬ್ಬರನ್ನೂ ಸೇರಿಸಿ ಒಟ್ಟು ತೂಕ 300 ಕಿಲೋ, ಮೆತ್ತೆಯ ವಿಸ್ತಾರ 6 ಚದರ ಮೀಟರ್ ಎಂದಾದರೆ, ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ ಬೀಳುತ್ತದೆ, ಕೊಳವೆಯ ಎರಡು ತೋಳುಗಳ ನೀರಿನ ಮಟ್ಟಗಳ ನಡುವೆಯೂ ಸರಿಯಾಗಿ 50 ಮಿಲಿಮೀಟರ್ ಅಂತರ ಕಾಣುತ್ತದೆ. ವಾಹನ ತೇಲಿದ ಮೇಲೆ ಎಂಜಿನ್ನಿನ ವೇಗ ಹೆಚ್ಚಿಸಿದರೂ ಹೆಚ್ಚುವರಿ ಗಾಳಿ ಸ್ಕರ್ಟಿನಡಿಯಿಂದ ಹೊರಗೆ ಹೋಗುವುದರಿಂದ ಈ ಅಂತರ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಆದ್ದರಿಂದ ಎಂದಿನ ವೇಗದಲ್ಲಿಯೂ ನೀರು ಆ ಮಟ್ಟಕ್ಕೇರದಿದ್ದರೆ ಸ್ಕರ್ಟ್ ಹರಿದಿದೆಯೇ, ಫ್ಯಾನಿನ ಬೆಲ್ಟ್ ಜಾರುತ್ತಿದೆಯೇ ಎಂದು ಕೂಡಲೇ ನೋಡಿ.

ಫಲಕಕ್ಕೆ 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಸಾಕು. ಬಿಸಿಲು ಪ್ರತಿಫಲಿಸದಂತೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ರಬ್ಬರ್ ಬುಷ್‌ಗಳ ಮೇಲೆ ಕೂರಿಸಿ. ಸಾಮಾನ್ಯ ಓಟದಲ್ಲಿ ಎಲ್ಲ ಮುಳ್ಳುಗಳೂ ನೇರ ಮೇಲ್ಮುಖವಾಗಿ ನಿಲ್ಲುವಂತೆ ಮೀಟರುಗಳನ್ನು ತಿರುಗಿಸಿ ಬಿಗಿದರೆ, ಅಂಕಿ ಓದದೆಯೇ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯ ಉತ್ತರ:
ನೀರಿನ ಕೊಳವೆ ನಿಂತಲ್ಲೇ ಮಾಡುವ ಪರೀಕ್ಷೆಗೆ ಉತ್ತಮ; ಓಡುವಾಗ ನೀರು ತುಳುಕುವುದರಿಂದ 1 ಕಿಲೋಪಾಸ್ಕಲ್‌ವರೆಗಿನ (ಸುಮಾರು 100 ಮಿಲಿಮೀಟರ್ ನೀರಿನಷ್ಟು) ಮುಳ್ಳಿನ ಮಾಪಕ ಹಾಕಿ, ಕೊಳವೆಯಿಂದ ಅದನ್ನು ತಾಳೆ ನೋಡಿಕೊಳ್ಳಿ. ಪ್ಲಗ್ ವೈರಿಗೆ ಸುತ್ತುವ ಟ್ಯಾಕೋಮೀಟರ್ ಕೊಂಡರೆ ಅದನ್ನು ಟೂ-ಸ್ಟ್ರೋಕಿಗೆ ಹೊಂದಿಸಲು ಮರೆಯಬೇಡಿ, ಏಕೆಂದರೆ ಇದರಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಡಿಜಿಟಲ್ ಮೀಟರಿನ ಅಂಕಿಗಳು ಕುಣಿಯುತ್ತಿದ್ದರೆ ಬಹುಪಾಲು ಕಾರಣ ಆ ಕಿಡಿಯೇ. ಈ ಅಡಚಣೆಯನ್ನು ತಗ್ಗಿಸುವ, ಒಳಗೇ ರೋಧಕವಿರುವ ಸ್ಪಾರ್ಕ್ ಪ್ಲಗ್ (ರೆಸಿಸ್ಟರ್ ಪ್ಲಗ್) ಹಾಕಿ, ಸಂವೇದಕಗಳ ವೈರುಗಳನ್ನು ಪ್ಲಗ್ ವೈರಿನಿಂದ ದೂರ ಒಯ್ಯಿರಿ.

ಸಮುದ್ರದ ಬಳಿ ಬರಿಯ ತಾಮ್ರದ ವೈರು ಬೇಗ ಹಸಿರುಗಟ್ಟುತ್ತದೆ. ತವರ ಲೇಪಿಸಿದ, ದೋಣಿಗಳಲ್ಲಿ ಬಳಸುವ ವೈರನ್ನೇ ತನ್ನಿ, ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ. ತುರ್ತಿನಲ್ಲಿ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚನ್ನು ಮಾತ್ರ ಮೀಟರುಗಳ ವೈರಿಂಗ್‌ಗೆ ಸೇರಿಸದೆ ನೇರವಾಗಿ ಇಗ್ನಿಷನ್ನಿಗೆ ಜೋಡಿಸಿ ಅದರ ಹಗ್ಗವನ್ನು ಲೈಫ್ ಜಾಕೆಟ್ಟಿಗೆ ಕಟ್ಟಿಕೊಳ್ಳಿ, ಮತ್ತು ಫಲಕದ ವಿದ್ಯುತ್ತನ್ನು ಪೂರ್ತಿ ಕಡಿತಗೊಳಿಸಿದಾಗಲೂ ಅದು ಎಂಜಿನ್ ನಿಲ್ಲಿಸುತ್ತದೆಯೇ ಎಂದು ನೀರಿಗಿಳಿಯುವ ಮೊದಲೇ ಪರೀಕ್ಷಿಸಿ.