ಅವ್ವನ ನೋಟ್‌ಬುಕ್ಕಿನ ನಾನ್‌ಖಟಾಯಿ ಓವನ್‌ನಲ್ಲಿ ಹರಡಿಕೊಳ್ಳುತ್ತಿದೆ, ಎಲ್ಲಿ ತಪ್ಪುತ್ತಿದೆ?

ಹುಬ್ಬಳ್ಳಿ ತವರು

ಎಲ್ಲರಿಗೂ ನಮಸ್ಕಾರ. ಮೂರು ಸಲ ಮಾಡಿದೆ, ಮೂರು ಸಲವೂ ಕೆಟ್ಟಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತವರು ಹುಬ್ಬಳ್ಳಿ. ಮದುವೆಯಾಗಿ ಮೈಸೂರಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಅವ್ವ ತೀರಿಕೊಂಡ ಮೇಲೆ ಅವಳ ಅಡುಗೆ ನೋಟ್‌ಬುಕ್ ನನ್ನ ಕೈಗೆ ಬಂತು. ನೀಲಿ ಶಾಯಿಯ ಬರಹ, ಅಲ್ಲಲ್ಲಿ ತುಪ್ಪದ ಕಲೆ. ಅದರಲ್ಲಿ ನಾನ್‌ಖಟಾಯಿಗೆ ಇರುವುದು ಇಷ್ಟೇ: "ಮೈದಾ 1 ಪಾವು, ಸಕ್ಕರೆ ಅರ್ಧ ಪಾವು, ತುಪ್ಪ ಅರ್ಧ ಪಾವು, ಏಲಕ್ಕಿ 6, ಸೋಡಾ ಚಿಟಿಕೆ. ಭಟ್ಟಿಗೆ ಕೊಡುವುದು."

ಭಟ್ಟಿಗೆ ಕೊಡುವುದು ಅಂದರೆ ನಮ್ಮ ಕಡೆಯವರಿಗೆ ಗೊತ್ತಿರುತ್ತದೆ. ದೀಪಾವಳಿಗೆ ಮುಂಚೆ ಹಿಟ್ಟು, ಸಕ್ಕರೆ, ತುಪ್ಪ ಎಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಬೇಕರಿಗೆ ಹೋಗುತ್ತಿದ್ದೆವು. ಅವರೇ ಕಲಸಿ ಸುಟ್ಟು ಕೊಡುತ್ತಿದ್ದರು. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನಮ್ಮ ತುಪ್ಪ ನಮ್ಮ ಹಿಟ್ಟಿಗೇ ಬೀಳಬೇಕು ಅಂತ. ಕಲಸುವವರು ಮೊದಲು ತುಪ್ಪ ಸಕ್ಕರೆ ಎರಡನ್ನೇ ಹಲಗೆಯ ಮೇಲೆ ಹಾಕಿ ಅಂಗೈಯಿಂದ ಉಜ್ಜುತ್ತಿದ್ದರು, ಬೆಳ್ಳಗೆ ಆಗುವವರೆಗೂ. ಆ ಸದ್ದು ನನಗೆ ಇನ್ನೂ ನೆನಪಿದೆ.

ಈಗ ಮನೆಯಲ್ಲಿ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್ ಇದೆ. ಅತ್ತೆಯವರ ಹಿತ್ತಾಳೆ ಪಾವಿನಲ್ಲಿ ಅಳೆದು, ಸಕ್ಕರೆ ಪುಡಿ ಮಾಡಿ, ತುಪ್ಪ ಹಾಕಿ ಕಲಸಿ 180 ಡಿಗ್ರಿಯಲ್ಲಿ ಇಡುತ್ತೇನೆ. ಐದು ನಿಮಿಷಕ್ಕೆ ಉಂಡೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡು ದೋಸೆ ಥರ ಆಗುತ್ತವೆ. ಅಂಚು ಕಪ್ಪು, ನಡುವೆ ಮೆತ್ತಗೆ. ಎರಡನೇ ಸಲ ಸೋಡಾ ಬಿಟ್ಟೆ, ಆದರೂ ಅದೇ ಕಥೆ. ಮೂರನೇ ಸಲ ಎರಡು ಚಮಚ ಮೈದಾ ಜಾಸ್ತಿ ಹಾಕಿದೆ, ಸ್ವಲ್ಪ ವಾಸಿ ಅನಿಸಿತು ಅಷ್ಟೇ. ಕಡಲೆ ಹಿಟ್ಟು, ರವೆ ಸೇರಿಸಿ ಅನ್ನುವ ರೆಸಿಪಿಗಳು ಬೇಕಾದಷ್ಟಿವೆ, ಅವು ಬೇಡ. ನನಗೆ ಅವ್ವನದೇ ಬರಬೇಕು.

ಮನೆ ಬೇಕಿಂಗ್, ಬೆಂಗಳೂರು

ಅಕ್ಕ, ಮೊದಲು ತುಪ್ಪ ಹೇಗಿತ್ತು ಹೇಳಿ. ಕರಗಿದ ತುಪ್ಪ ಹಾಕಿದರೆ ಹರಡುವುದು ಖಂಡಿತ. ತುಪ್ಪ ಗಟ್ಟಿಯಾಗಿರಬೇಕು, ಬೆರಳಿಂದ ಒತ್ತಿದರೆ ಗುಳಿ ಬೀಳುವಷ್ಟು. ಬೇಸಿಗೆಯಾದರೆ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಉಂಡೆ ಕಟ್ಟಿದ ಮೇಲೂ ತಟ್ಟೆ ಸಮೇತ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ.

ಇನ್ನೊಂದು ವಿಷಯ, ಓಟಿಜಿಯ ಗುಂಡಿ ತೋರಿಸುವ ಬಿಸಿಯೇ ಒಳಗೆ ಇರುತ್ತದೆ ಅಂತ ನಂಬಬೇಡಿ. ನನ್ನದರಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 180ಕ್ಕೆ ತಿರುಗಿಸಿದರೆ 200 ದಾಟುತ್ತಿತ್ತು. ನೀವು 160ಕ್ಕೆ ಇಟ್ಟು, ಹತ್ತು ಹದಿನೈದು ನಿಮಿಷ ಮೊದಲೇ ಕಾಯಿಸಿ, ನಡುವಿನ ಹಂತದಲ್ಲಿ ಸುಡಿ. ಹದಿನೆಂಟರಿಂದ ಇಪ್ಪತ್ತು ನಿಮಿಷ ಸಾಕು. ಬಿಸಿ ಇದ್ದಾಗ ಮೆತ್ತಗೇ ಇರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗೆ ಇಡಬೇಡಿ. ಆರಿದ ಮೇಲೆ ಗಟ್ಟಿಯಾಗುತ್ತದೆ.

ನಿವೃತ್ತ ಮೇಷ್ಟ್ರು, ಧಾರವಾಡ

ತಂಗಿ, ಓವನ್ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಗೊಂದಲ ಪಾವಿನಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಮೈಸೂರು ಕಡೆ ಪಾವು ಅಂದರೆ ಅಳತೆಯ ಪಾತ್ರೆ. ಅಕ್ಕಿ, ಬೇಳೆ ಎಲ್ಲ ಅದರಲ್ಲಿ ತುಂಬಿ ಅಳೆಯುತ್ತಾರೆ. ನಾಲ್ಕು ಪಾವು ಒಂದು ಸೇರು. ನಮ್ಮ ಹುಬ್ಬಳ್ಳಿ ಧಾರವಾಡದ ಸಂತೆಯಲ್ಲಿ ಪಾವು ಅಂದರೆ ಜನ ಹೇಳುವುದು ತೂಕ. "ಪಾವ್ ಕಿಲೋ ಸಕ್ರಿ ಕೊಡ್ರಿ" ಅಂದರೆ ಕಾಲು ಕಿಲೋ, 250 ಗ್ರಾಂ. ಕಿಲೋ ಬರುವ ಮುಂಚಿನ ತೂಕದ ಸೇರು 80 ತೊಲ, ಈಗಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಅದರ ಪಾವು 233 ಗ್ರಾಂ. ಎರಡಕ್ಕೂ ಹೆಚ್ಚು ಅಂತರವಿಲ್ಲ, ಎಲ್ಲವನ್ನೂ ತೂಗಿಯೇ ಹಾಕಿದರೆ ಪ್ರಮಾಣ ಒಂದೇ.

ನಿಮ್ಮ ಅವ್ವ ಕಿರಾಣಿ ಅಂಗಡಿಯಿಂದ ತೂಕದಲ್ಲಿ ತಂದು ಹಾಗೇ ಡಬ್ಬಿಗೆ ಹಾಕಿ ಭಟ್ಟಿಗೆ ಒಯ್ದಿರಬೇಕು. ನೀವು ಅದನ್ನು ಅತ್ತೆಯವರ ಪಾತ್ರೆಯಲ್ಲಿ ಅಳೆದಿದ್ದೀರಿ. ಮೈದಾ ಹಗುರ, ಸಕ್ಕರೆ ತುಪ್ಪ ಭಾರ. ಪಾತ್ರೆಯಲ್ಲಿ ಅಳೆದರೆ ಹಿಟ್ಟು ಕಡಿಮೆ ಬೀಳುತ್ತದೆ. ಒಮ್ಮೆ ತೂಗಿ ನೋಡಿರಿ.

ಹುಬ್ಬಳ್ಳಿ ತವರು

ಸರ್, ಓದಿದ ಕೂಡಲೇ ಎದ್ದು ಅಡುಗೆಮನೆಗೆ ಹೋದೆ. ಅತ್ತೆಯವರ ಪಾವಿನಲ್ಲಿ ಮೈದಾ ತುಂಬಿ ಮೇಲೆ ಸವರಿ ತೂಗಿದೆ. 130 ಗ್ರಾಂ! ಅರ್ಧ ಪಾವು ಸಕ್ಕರೆ 105, ತುಪ್ಪ 110. ಹಿಟ್ಟಿನ ಅರ್ಧದಷ್ಟು ಇರಬೇಕಾದ ತುಪ್ಪ ಹೆಚ್ಚುಕಡಿಮೆ ಹಿಟ್ಟಿನ ಹತ್ತಿರಕ್ಕೇ ಬಂದುಬಿಟ್ಟಿತ್ತು. ಮೂರನೇ ಸಲ ಯಾಕೆ ವಾಸಿ ಅನಿಸಿತು ಅಂತಲೂ ಈಗ ಗೊತ್ತಾಯಿತು.

ಮೂರು ಸಲವೂ ಅವ್ವನ ಬರಹದಲ್ಲೇ ಏನೋ ಬಿಟ್ಟುಹೋಗಿದೆ ಅಂದುಕೊಂಡಿದ್ದೆ. ಅವಳು ಸರಿಯಾಗೇ ಬರೆದಿದ್ದಳು. ತುಂಬಾ ಥ್ಯಾಂಕ್ಸ್ ಸರ್. ಭಾನುವಾರ ಮಾಡಿ ಹೇಳುತ್ತೇನೆ.

ಶಾರ್ಜಾ ಅಡುಗೆ

ನಂದೂ ಇದೇ ಪಾಡು ಆಗಿತ್ತು, ಪಾವಿನ ಬದಲು ಕಪ್ಪಿನಲ್ಲಿ. ಅಮೆರಿಕದ ಪುಸ್ತಕದ ಕಪ್ಪು ಸುಮಾರು 240 ಮಿಲಿ, ಆಸ್ಟ್ರೇಲಿಯಾದ್ದು 250. ಅದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಹಿಟ್ಟನ್ನು ಒತ್ತಿ ತುಂಬುವ ಅಭ್ಯಾಸ. ಅದೇ ಕಪ್ಪಿನಲ್ಲಿ ಒಂದು ದಿನ 120 ಗ್ರಾಂ ಬಂದರೆ ಇನ್ನೊಂದು ದಿನ 150. ತಕ್ಕಡಿ ತಂದ ಮೇಲೆ ನನ್ನ ಕೇಕ್ ಒಂದೇ ಥರ ಬರುತ್ತಿದೆ.

ಹುಬ್ಬಳ್ಳಿ ತವರು

ಭಾನುವಾರ ಮಾಡಿದೆ. ಮೈದಾ 250, ಸಕ್ಕರೆ ಪುಡಿ 125, ತುಪ್ಪ 125, ಎಲ್ಲ ತೂಗಿ. ತುಪ್ಪ ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿಕೊಂಡೆ. ಭಟ್ಟಿಯವರ ಹಾಗೆ ತುಪ್ಪ ಸಕ್ಕರೆಯನ್ನು ಪರಾತದಲ್ಲಿ ಅಂಗೈಯಿಂದ ಹತ್ತು ನಿಮಿಷ ಉಜ್ಜಿದೆ. ಮೊದಲು ಹಳದಿ, ಆಮೇಲೆ ಕೆನೆ ಬಣ್ಣ, ಕೊನೆಗೆ ಬೆಣ್ಣೆಯಷ್ಟು ಬೆಳ್ಳಗಾಗಿ ಹಗುರಾಯಿತು. ಆಮೇಲೆ ಮೈದಾ, ಸೋಡಾ, ಏಲಕ್ಕಿ. ಹಿಟ್ಟು ಉದುರುದುರಾಗಿ ಇತ್ತು, ಭಯ ಆಯಿತು. ಆದರೆ ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲುತ್ತಿತ್ತು.

160ರಲ್ಲಿ ಇಪ್ಪತ್ತು ನಿಮಿಷ. ಗಾಜಿನ ಮುಂದೆ ಕೂತೇ ಇದ್ದೆ. ಏಳೆಂಟು ನಿಮಿಷಕ್ಕೆ ಉಂಡೆಗಳು ಸ್ವಲ್ಪ ಅಗಲವಾದವು, ಅಲ್ಲೇ ನಿಂತವು. ಆಮೇಲೆ ಒಂದೊಂದರ ನೆತ್ತಿಯಲ್ಲೂ ಬಿರುಕು ಬಂತು, ಭಟ್ಟಿಯದಕ್ಕೆ ಬರುತ್ತಿದ್ದಂಥದ್ದೇ. ಅಷ್ಟರಲ್ಲಿ ಏಲಕ್ಕಿ ವಾಸನೆಗೆ ಅತ್ತೆಯವರು ಒಳಗೆ ಬಂದರು. ಒಂದು ಬಾಯಿಗೆ ಹಾಕಿಕೊಂಡು "ಇದು ನಿಮ್ಮಮ್ಮ ಬಾಣಂತನಕ್ಕೆ ಬಂದಾಗ ಡಬ್ಬಿಯಲ್ಲಿ ತಂದಿದ್ದಲ್ವಾ?" ಅಂದರು. ಹೌದು, ಅದೇ.

ಹಿಂದಿನ ಸಾಲಿನ ನಾಲ್ಕು ಮಾತ್ರ ಕೆಂಪಾಗಿವೆ. ಬೆಂಗಳೂರಿನವರೇ, ಹತ್ತು ನಿಮಿಷಕ್ಕೆ ತಟ್ಟೆ ತಿರುಗಿಸಿ ಇಡಬಹುದಾ, ಅಥವಾ ನಡುವೆ ಬಾಗಿಲು ತೆಗೆಯಲೇಬಾರದಾ?

ಮನೆ ಬೇಕಿಂಗ್, ಬೆಂಗಳೂರು

ತಿರುಗಿಸಿ ಅಕ್ಕ, ಇದು ಕೇಕ್ ಅಲ್ಲ, ಕುಸಿಯುವುದಿಲ್ಲ. ನೆತ್ತಿ ಬಿರುಕು ಬಿಟ್ಟ ಮೇಲೆ ಬೇಗ ತೆಗೆದು, ತಿರುಗಿಸಿ, ಬಾಗಿಲು ಹಾಕಿಬಿಡಿ.